ಕಾರ್ಡ್ ನೆನಪಿತ್ತು, ಹೇಳಿದ ಮಾತು ನೆನಪಿರಲಿಲ್ಲ

"ಅಕ್ಕಾ, ಹೋದ ಸಲ ನೀವೇ ಕೆಲಸ ಬಿಡು ಅಂದಿದ್ರಿ."

ಎದುರಿಗೆ ಕೂತಿದ್ದ ಹುಡುಗಿ ಇದನ್ನು ಕೋಪದಿಂದ ಹೇಳಲಿಲ್ಲ. ಆದದ್ದನ್ನು ಹೇಳಿದಳು, ಅಷ್ಟೇ. ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ನಾನು ಹಾಗೆ ಹೇಳಿರಲಿಕ್ಕಿಲ್ಲ ಅನ್ನಿಸಿತು. ಹೇಳಿದ್ದರೂ ಹೇಳಿರಬಹುದು ಅಂತಲೂ ಅನ್ನಿಸಿತು. ಅವಳಿಗೆ ಬಂದಿದ್ದ ಟ್ಯಾರೋ ಕಾರ್ಡ್ ಮಾತ್ರ ಚೆನ್ನಾಗಿ ನೆನಪಿತ್ತು: ಎಯ್ಟ್ ಆಫ್ ಕಪ್ಸ್, ಎಂಟು ಬಟ್ಟಲಿನ ಚಿತ್ರ. ಆ ರಾತ್ರಿ ಹಳೆಯ ನೋಟ್‌ಬುಕ್‌ಗಳನ್ನೆಲ್ಲ ಅಟ್ಟದಿಂದ ಇಳಿಸಿ ಹುಡುಕಿದೆ. ಒಟ್ಟು ಒಂಬತ್ತು ಇದ್ದವು. ಎರಡು ಗಂಟೆ ಹಿಡಿಯಿತು. ಸಿಕ್ಕಿದ ಪುಟದಲ್ಲಿ ಒಂದು ತಾರೀಖು, ಮೂರು ಕಾರ್ಡಿನ ಹೆಸರು, ಕೆಳಗೆ 'ಒಳ್ಳೇ ರೀಡಿಂಗ್' ಎಂದಿತ್ತು. ಅವಳು ಕೇಳಿದ ಪ್ರಶ್ನೆ ಇರಲಿಲ್ಲ. ನಾನು ಹೇಳಿದ ಮಾತೂ ಇರಲಿಲ್ಲ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಕೂತು ಟ್ಯಾರೋ ಓದುತ್ತೇನೆ. ಟ್ಯಾರೋ ಅಂದರೆ 78 ಚಿತ್ರದ ಕಾರ್ಡುಗಳ ಒಂದು ಕಟ್ಟು, ಅಂದರೆ ಡೆಕ್. ಅದರಿಂದ ಕೆಲವು ಕಾರ್ಡ್ ತೆಗೆದು ಬಂದವರ ಪ್ರಶ್ನೆಯ ಬಗ್ಗೆ ಮಾತಾಡುವುದಕ್ಕೆ ರೀಡಿಂಗ್ ಅನ್ನುತ್ತೇವೆ. ನಾಳೆ ಏನಾಗುತ್ತದೆ ಅಂತ ಕಾರ್ಡ್ ಹೇಳುತ್ತದೆ ಎಂದು ಯಾರಿಗೂ ಹೇಳುವುದಿಲ್ಲ. ಮುಂದೆ ಒಂದು ಚಿತ್ರ ಇಟ್ಟರೆ ಮನಸ್ಸಿನಲ್ಲಿ ಸಿಕ್ಕಿಕೊಂಡದ್ದು ಮಾತಾಗಿ ಹೊರಗೆ ಬರುತ್ತದೆ. ನಾನು ನೋಡಿರುವುದು ಅದನ್ನೇ. ಹಾಗಿದ್ದ ಮೇಲೆ ಬರೆದಿಡಬೇಕಾದದ್ದು ಮಾತನ್ನು ಅಲ್ವಾ? ನಾನು ಇಷ್ಟು ವರ್ಷ ಬರೀ ಕಾರ್ಡ್ ಬರೆದಿಟ್ಟಿದ್ದೆ.

ಅವತ್ತಿನಿಂದ ಪ್ರತಿ ರೀಡಿಂಗ್‌ಗೆ ನಾಲ್ಕು ವಿಷಯ ಬರೆಯುತ್ತೇನೆ. ಮೊದಲನೆಯದು ಪ್ರಶ್ನೆ. ಅದನ್ನು ಕಾರ್ಡ್ ತೆಗೆಯುವ ಮುಂಚೆಯೇ, ಬಂದವರ ಮಾತಿನಲ್ಲೇ ಬರೆಯಬೇಕು. ಕಾರ್ಡ್ ಕಂಡ ಮೇಲೆ ಪ್ರಶ್ನೆ ತಾನಾಗಿ ಆ ಕಾರ್ಡಿನ ಕಡೆ ವಾಲುತ್ತದೆ, ಇದು ನಮಗೆ ಗೊತ್ತೇ ಆಗುವುದಿಲ್ಲ. 'ಅತ್ತೆಯ ಜೊತೆ ಹೇಗಿರಲಿ' ಅಂತ ಕೇಳಿದವರ ಪ್ರಶ್ನೆ ಸಂಜೆ ಹೊತ್ತಿಗೆ ನನ್ನ ತಲೆಯಲ್ಲಿ 'ಮನೆ ಬೇರೆ ಮಾಡಲಾ' ಅಂತ ಆಗಿರುತ್ತದೆ. ಎರಡನೆಯದು ಬಂದ ಕಾರ್ಡ್‌ಗಳು. ಇದಕ್ಕೆ ಮೇಜಿನ ಮೇಲಿಂದ ಒಂದು ಫೋಟೋ ಸಾಕು, ಯಾವುದು ತಲೆಕೆಳಗಾಗಿ ಬಂದಿತ್ತು ಅನ್ನುವುದೂ ಅದರಲ್ಲೇ ಇರುತ್ತದೆ. ಮೂರನೆಯದು ನಾನು ಹೇಳಿದ್ದು, ಎರಡು ಮೂರು ವಾಕ್ಯದಲ್ಲಿ. ನಾಲ್ಕನೆಯದಕ್ಕೆ 'ಆಮೇಲೆ' ಎಂಬ ಹೆಸರು ಕೊಟ್ಟಿದ್ದೇನೆ. ಅದು ಖಾಲಿ ಇರುತ್ತದೆ. ಅವರು ಮತ್ತೆ ಬಂದು ತಾವಾಗಿ ಹೇಳಿದರೆ ತುಂಬುತ್ತೇನೆ. ಫೋನ್ ಮಾಡಿ ಕೇಳುವುದಿಲ್ಲ.

ಇದನ್ನೆಲ್ಲ ನೋಟ್‌ಬುಕ್‌ನಲ್ಲೂ ಮಾಡಬಹುದು. ಆದರೆ ನೋಟ್‌ಬುಕ್ ತಾರೀಖಿನ ಪ್ರಕಾರ ಸಾಗುತ್ತದೆ. ನನಗೆ ಕಾರ್ಡಿನ ಪ್ರಕಾರವೂ ನೋಡಬೇಕಿತ್ತು. ನಾನು ಬಳಸುವುದು ಅಬ್ಸಿಡಿಯನ್ ಎಂಬ ಆ್ಯಪ್. ಅದರಲ್ಲಿ ಪ್ರತಿ ಟಿಪ್ಪಣಿಯೂ ನಮ್ಮದೇ ಕಂಪ್ಯೂಟರಿನಲ್ಲಿ ಇರುವ ಸಾದಾ ಟೆಕ್ಸ್ಟ್ ಫೈಲು. ನಾಳೆ ಆ ಆ್ಯಪ್ ನಿಂತುಹೋದರೂ ಫೈಲುಗಳನ್ನು ಬೇರೆ ಯಾವುದರಲ್ಲಾದರೂ ತೆರೆಯಬಹುದು. ಕಾರ್ಡಿನ ಹೆಸರಿನ ಸುತ್ತ ಎರಡೆರಡು ಚೌಕ ಆವರಣ ಹಾಕಿದರೆ ಅದು ಆ ಕಾರ್ಡಿನ ಪುಟಕ್ಕೆ ಕೊಂಡಿಯಾಗುತ್ತದೆ. ಆಮೇಲೆ ಆ ಕಾರ್ಡಿನ ಪುಟ ತೆರೆದರೆ, ಅದು ಬಂದ ರೀಡಿಂಗ್‌ಗಳೆಲ್ಲ ಒಂದೇ ಕಡೆ ಸಾಲಾಗಿ ಕಾಣುತ್ತವೆ.

ಈ ಪದ್ಧತಿ ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿಗಳನ್ನು ಮರದ ಪೆಟ್ಟಿಗೆಗಳಲ್ಲಿ ಇಟ್ಟುಕೊಂಡಿದ್ದರು. ಚೀಟಿಗೊಂದು ನಂಬರು. ಒಂದು ಚೀಟಿಯಲ್ಲಿ ಇನ್ನೊಂದರ ನಂಬರು ಬರೆದಿಟ್ಟರೆ ಒಂದರಿಂದ ಒಂದಕ್ಕೆ ದಾರಿ. ಟ್ಯಾರೋ ಕೂಡ 78 ಚೀಟಿಗಳ ಪೆಟ್ಟಿಗೆಯೇ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಇದು ನಮ್ಮ ಕೆಲಸಕ್ಕೆ ಇಷ್ಟು ಚೆನ್ನಾಗಿ ಹೊಂದುತ್ತದೆ.

ಒಂದೂವರೆ ವರ್ಷ ಆದ ಮೇಲೆ ಎಯ್ಟ್ ಆಫ್ ಕಪ್ಸ್ ಪುಟ ತೆರೆದೆ. 19 ರೀಡಿಂಗ್ ಇದ್ದವು. 'ನಾನು ಹೇಳಿದ್ದು' ಅನ್ನುವ ಭಾಗವನ್ನು ಮಾತ್ರ ಒಂದರ ಕೆಳಗೆ ಒಂದು ಓದಿದೆ. 13ರಲ್ಲಿ ಒಂದೇ ಮಾತು: ಬಿಡುವ ಹೊತ್ತು ಬಂದಿದೆ. ಪ್ರಶ್ನೆಗಳು ಬೇರೆ ಬೇರೆ. ಕೆಲಸ, ಮದುವೆ, ಒಂದು ಸೈಟಿನ ವ್ಯಾಜ್ಯ, ಮಗನ ಕಾಲೇಜು. ಎಲ್ಲರಿಗೂ ಹೊರಡಿ, ಬಿಡಿ ಅಂದಿದ್ದೇನೆ. ಕೂತು ಯೋಚಿಸಿದಾಗ ಕಾರಣ ಹೊಳೆಯಿತು. ಈ ದಾರಿಗೆ ಬರುವ ಮುಂಚೆ ನಾನೇ ಹದಿನಾಲ್ಕು ವರ್ಷದ ಕೆಲಸ ಬಿಟ್ಟಿದ್ದೆ. ಬಿಟ್ಟದ್ದು ನನಗೆ ಒಳ್ಳೆಯದಾಯಿತು. ಆ ನನ್ನ ಕಥೆಯನ್ನೇ ಕಾರ್ಡಿನ ಬಾಯಿಂದ ಎಲ್ಲರಿಗೂ ಹೇಳಿಸುತ್ತಿದ್ದೆ. ಆ ಹುಡುಗಿ ಹೇಳಿದ್ದು ನಿಜವೇ ಇರಬೇಕು.

ಆಮೇಲೆ ಚಿತ್ರವನ್ನು ಹೊಸದಾಗಿ ನೋಡಿದೆ. 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ಡೆಕ್‌ಗೆ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರ ಅದು. ಕೆಂಪು ನಿಲುವಂಗಿಯವನೊಬ್ಬ ಕೋಲು ಹಿಡಿದು ಬೆಟ್ಟದ ಕಡೆ ನಡೆಯುತ್ತಿದ್ದಾನೆ. ನಾನು ನೋಡುತ್ತಿದ್ದದ್ದು ಅವನನ್ನೇ. ಈ ಸಲ ಬಟ್ಟಲುಗಳನ್ನು ನೋಡಿದೆ. ಫೈವ್ ಆಫ್ ಕಪ್ಸ್‌ನಲ್ಲಿ ಮೂರು ಬಟ್ಟಲು ಉರುಳಿ ಚೆಲ್ಲಿವೆ. ಇಲ್ಲಿ ಒಂದೂ ಚೆಲ್ಲಿಲ್ಲ, ಎಂಟೂ ನೆಟ್ಟಗೆ ನಿಂತಿವೆ. ಕೆಳಗೆ ಐದು, ಮೇಲೆ ಮೂರು. ಮೇಲಿನ ಸಾಲಿನ ನಡುವೆ ಒಂದು ಬಟ್ಟಲು ಹಿಡಿಸುವಷ್ಟು ಜಾಗ ಖಾಲಿ. ಈಗ ಆ ಕಾರ್ಡಿನ ಪುಟದ ಮೊದಲ ಸಾಲು ಅರ್ಥವಲ್ಲ, ಬಂದವರಿಗೆ ಕೇಳುವ ಪ್ರಶ್ನೆ: 'ಇಲ್ಲಿ ಯಾವುದು ಕಮ್ಮಿ ಅನ್ನಿಸ್ತಿದೆ?' ಈ ಪ್ರಶ್ನೆಗೆ ಜನ ಕೊಡುವ ಉತ್ತರಗಳಲ್ಲಿ ಬಿಡುವ ಮಾತು ಬರುವುದು ಅಪರೂಪ.

ಟಿಪ್ಪಣಿ ಇನ್ನೊಂದು ನಂಬಿಕೆಯನ್ನೂ ಅಲುಗಿಸಿತು. 'ಈ ಕಾರ್ಡ್ ನನ್ನ ಬೆನ್ನು ಬಿಡ್ತಿಲ್ಲ' ಅಂತ ಎಷ್ಟೋ ಜನ ಹೇಳುತ್ತಾರೆ, ನಾವೂ ಹೌದು ಅನ್ನುತ್ತೇವೆ. ಲೆಕ್ಕ ಹಾಕಿ ನೋಡಿ. ದಿನಕ್ಕೊಂದು ಕಾರ್ಡ್ ತೆಗೆದು, ಮತ್ತೆ ಡೆಕ್‌ಗೆ ಸೇರಿಸಿ ಕಲೆಸಿದರೆ, 11 ದಿನದೊಳಗೆ ಯಾವುದಾದರೂ ಕಾರ್ಡ್ ಎರಡನೇ ಸಲ ಬರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 78 ದಿನ ತೆಗೆದರೂ ಸರಾಸರಿ 28 ಕಾರ್ಡಿನಷ್ಟು ಒಮ್ಮೆಯೂ ಮುಖ ತೋರಿಸುವುದಿಲ್ಲ. ಒಂದು ಸಲಕ್ಕೆ ಮೂರು ಕಾರ್ಡ್ ತೆಗೆದು ಹರಡುವ ಸ್ಪ್ರೆಡ್‌ನಲ್ಲಿ ಒಂದು ನಿರ್ದಿಷ್ಟ ಕಾರ್ಡ್ ಇರುವ ಸಾಧ್ಯತೆ 26ಕ್ಕೆ ಒಂದು. ಅಂದರೆ ಮರುಕಳಿಸುವುದು ಸಹಜ. ಬಂದ ಕಾರ್ಡನ್ನು ಮನಸ್ಸು ಹಿಡಿದುಕೊಳ್ಳುತ್ತದೆ, ಬಾರದ್ದನ್ನು ಮರೆಯುತ್ತದೆ. ಈಗ ಯಾರಾದರೂ ಹಾಗೆ ಹೇಳಿದರೆ ಅವರ ಹಳೆಯ ಟಿಪ್ಪಣಿ ತೆರೆದು ತೋರಿಸುತ್ತೇನೆ. ನಿಜವಾಗಿಯೂ ಮತ್ತೆ ಬಂದಿದ್ದರೆ, ಹೋದ ಸಲ ಏನು ಮಾತಾಡಿದ್ದೆವು ಅನ್ನುವುದರಿಂದ ಶುರು ಮಾಡುತ್ತೇವೆ. ಭಯ ಹುಟ್ಟಿಸುವುದಕ್ಕೆ ಅದನ್ನು ಬಳಸಬಾರದು. ಸಿಡಿಲು ಬಡಿದ ಗೋಪುರದ ಚಿತ್ರವಿರುವ ಟವರ್ ಕಾರ್ಡ್ ಎರಡು ಸಲ ಬಂತು ಅಂತ ಹೆದರಿ, ಪರಿಹಾರಕ್ಕೆ ದುಡ್ಡು ಸುರಿದು ಬಂದವರನ್ನು ನಾನು ನೋಡಿದ್ದೇನೆ. ತುಂಬಾ ಬೇಜಾರಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಒಂದೆರಡು ಮಾತು, ಇದನ್ನು ನಾನು ಕಷ್ಟಪಟ್ಟು ಕಲಿತೆ. 'ಕಪ್‌ಗಳು' ಎಂದು ಬರೆಯುವಾಗ ಗ ಒತ್ತಕ್ಷರವಾಗಿ ಅಂಟದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂರುತ್ತದೆ. ಅದಿಲ್ಲದೆ ಟೈಪ್ ಮಾಡಿ ಹುಡುಕಿದರೆ ಸಿಗದೇ ಹೋಗಬಹುದು. ಜೊತೆಗೆ ಒಮ್ಮೆ 'ಸ್ವೋರ್ಡ್ಸ್', ಒಮ್ಮೆ 'ಸೋರ್ಡ್ಸ್', ಒಮ್ಮೆ 'ಕತ್ತಿ' ಅಂತ ಬರೆದಿರುತ್ತೇವೆ. ಆದ್ದರಿಂದ ಪ್ರತಿ ಕಾರ್ಡಿಗೂ ಒಂದೇ ಹೆಸರು ಇಟ್ಟು, ಉಳಿದ ರೂಪಗಳನ್ನು ಆ ಪುಟದ ಅಡ್ಡಹೆಸರುಗಳಾಗಿ ಸೇರಿಸಿ. ಗೆ, ನಲ್ಲಿ, ಇಂದ ಅನ್ನುವ ಪ್ರತ್ಯಯಗಳು ಆವರಣದ ಹೊರಗೇ ಇರಲಿ. ಬೇರೆ ಬೇರೆ ಡೆಕ್ ಬಳಸುವವರು ಬರೀ ನಂಬರಿನಿಂದ ಕಾರ್ಡ್ ಗುರುತಿಸಬೇಡಿ. 1909ರ ಡೆಕ್‌ನಲ್ಲಿ ಸ್ಟ್ರೆಂತ್ ಎಂಬ ಕಾರ್ಡಿನ ನಂಬರು 8, ಜಸ್ಟಿಸ್ ಕಾರ್ಡಿನದು 11. ಫ್ರಾನ್ಸಿನ ಹಳೆಯ ಮಾರ್ಸೆ ಡೆಕ್‌ಗಳಲ್ಲಿ ಇದು ಅದಲುಬದಲು. ಮತ್ತೆ, ಮೊದಲ ದಿನವೇ 78 ಪುಟ ಮಾಡಿ ಅರ್ಥಗಳನ್ನೆಲ್ಲ ನಕಲು ಮಾಡಿಡಬೇಡಿ. ಕಾರ್ಡ್ ಬಂದ ದಿನ ಅದರ ಪುಟ ಹುಟ್ಟಲಿ.

ಇನ್ನು ಗುಟ್ಟಿನ ವಿಷಯ. ಮೊದಮೊದಲು ಕ್ಲೈಂಟ್‌ಗಳ ಹೆಸರು ಹಾಕಿ ಫೋನಿನಲ್ಲೇ ರಿಮೈಂಡರ್ ಇಡುತ್ತಿದ್ದೆ. ಒಂದು ಮಧ್ಯಾಹ್ನ ಫೋನು ಮೇಜಿನ ಮೇಲಿತ್ತು, ಎದುರಿಗೆ ಬೇರೊಬ್ಬರು ಕೂತಿದ್ದರು. ಒಬ್ಬ ಹೆಂಗಸಿನ ಹೆಸರು, ಪಕ್ಕದಲ್ಲಿ 'ಡಿವೋರ್ಸ್' ಎಂಬ ಪದ, ಪರದೆಯ ಮೇಲೆ ಬೆಳಗಿತು. ಕೂತಿದ್ದವರು ಕಣ್ಣು ಬೇರೆ ಕಡೆ ತಿರುಗಿಸಿದರು. ನನಗೆ ಆ ದಿನ ಊಟ ಸೇರಲಿಲ್ಲ. ಮಾರನೇ ದಿನ ಆ ಹೆಂಗಸಿಗೆ ಫೋನ್ ಮಾಡಿ, ಹೀಗಾಯಿತು ಅಂತ ಹೇಳಿ ಕ್ಷಮೆ ಕೇಳಿದೆ.

ಈಗ ಕಂಪ್ಯೂಟರಿನಲ್ಲಿ ಯಾರ ಹೆಸರೂ ಇಲ್ಲ, ನಂಬರು ಮಾತ್ರ. ಯಾವ ನಂಬರು ಯಾರದು ಅನ್ನುವುದು ಒಂದು ಸಣ್ಣ ಪುಸ್ತಕದಲ್ಲಿದೆ, ಅದು ಬೀರುವಿನಲ್ಲಿ ಬೀಗದೊಳಗೆ. ಫೋಟೋದಲ್ಲಿ ಬಂದವರ ಕೈ ಕೂಡ ಬೀಳದಂತೆ ನೋಡಿಕೊಳ್ಳುತ್ತೇನೆ, ಫೋನಿನ ಗ್ಯಾಲರಿ ತಾನಾಗಿ ಕ್ಲೌಡ್‌ಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ಧ್ವನಿ ರೆಕಾರ್ಡ್ ಮಾಡುವುದಿಲ್ಲ. ಟಿಪ್ಪಣಿಗಳನ್ನು ಎಐ ಚಾಟ್‌ಗೆ ಹಾಕಿ ಸಾರಾಂಶ ಕೇಳುವುದೂ ಇಲ್ಲ, ಅವು ನನ್ನವಲ್ಲ. ಬರೆದುಕೊಳ್ಳಲಾ ಅಂತ ಮೊದಲೇ ಕೇಳುತ್ತೇನೆ. ಬೇಡ ಅಂದರೆ ಪೆನ್ನು ಕೆಳಗೆ. ಅಳಿಸಿ ಅಂದರೆ ಅವರ ಮುಂದೆಯೇ ಅಳಿಸುತ್ತೇನೆ, ಬ್ಯಾಕಪ್ ಪೆನ್‌ಡ್ರೈವ್‌ನಿಂದಲೂ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಒಪ್ಪಿಗೆ ಮತ್ತು ಅಳಿಸುವ ಹಕ್ಕಿನ ಮಾತಿದೆ. ಕಾನೂನು ಇರಲಿ ಬಿಡಲಿ, ಮನೆಯವರಿಗೂ ಹೇಳದ ಮಾತನ್ನು ನಮ್ಮ ಮುಂದೆ ಹೇಳುತ್ತಾರೆ.

ಬರೆದದ್ದನ್ನು ಅವರು ಏಳುವ ಮುಂಚೆ ಓದಿ ಹೇಳುವುದು ಈಚೆಗೆ ಮಾಡಿಕೊಂಡ ಅಭ್ಯಾಸ. ಆ ಹುಡುಗಿ ಈ ವರ್ಷ ಮತ್ತೆ ಬಂದಿದ್ದಳು. ಹೊಸ ಕೆಲಸ ಸಿಕ್ಕಿತ್ತು, ಸೇರಬೇಕೋ ಬೇಡವೋ ಅನ್ನುವುದು ಪ್ರಶ್ನೆ. ಮಾತು ಮುಗಿದ ಮೇಲೆ ಓದಿದೆ: 'ಮತ್ತೆ ಆಫೀಸಿಗೆ ಹೋಗಲು ಭಯ.' ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಭಯ ಅಲ್ಲ ಅಕ್ಕಾ. ಸುಸ್ತು ಅಂತ ಮಾಡಿ."

ಭಯ ಅಳಿಸಿ ಸುಸ್ತು ಅಂತ ಬರೆದೆ.