ತವರಿನಿಂದ ಗಂಡನ ಮನೆಗೆ ಹೋಗುವಾಗ ತಪ್ಪುವ ಪರೀಕ್ಷೆ

ಕೂಸಿಗೆ ಕಿವಿ ಕೇಳಿಸುತ್ತದೆಯೋ ಇಲ್ಲವೋ ಎಂದು ತಿಳಿಯಲು ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಹಿರಿಯರು ತೊಟ್ಟಿಲ ಹಿಂದೆ ನಿಂತು ತಾಟು ಬಡಿಯುವುದುಂಟು. ಆದರೆ ನೆರಳು ಸರಿದರೂ ತೊಟ್ಟಿಲು ಅದುರಿದರೂ ಕೂಸು ಬೆಚ್ಚುತ್ತದೆ. ತಾಟಿನ ಸದ್ದು ಕೇಳಿಯೂ ಮಾತಿನ ಮೆಲುದನಿ ಕೇಳದ ಮಕ್ಕಳಿದ್ದಾರೆ. ‘ಅವರಪ್ಪನೂ ತಡವಾಗಿಯೇ ಮಾತು ಕಲಿತ’ ಎಂಬ ಸಮಾಧಾನದಲ್ಲಿ ಎರಡು-ಮೂರು ವರ್ಷ ಕಳೆದುಹೋಗುತ್ತವೆ.

ವೈದ್ಯರ ವಿಧಾನವೂ ಬಹುಕಾಲ ಇದಕ್ಕಿಂತ ತೀರ ಮುಂದಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಶ್ರವಣ ತಜ್ಞೆ ಮರಿಯನ್ ಡೌನ್ಸ್ ನವಜಾತ ಶಿಶುಗಳಿಗೆ ಸದ್ದು ಕೇಳಿಸಿ, ಅವು ಹೇಗೆ ಸ್ಪಂದಿಸುತ್ತವೆಂದು ಕಣ್ಣಳತೆಯಲ್ಲೇ ಗಮನಿಸುತ್ತಿದ್ದರು. ಆರೋಗ್ಯವಂತ ಒಳಗಿವಿಯು ಸದ್ದನ್ನು ಕೇಳುವುದಷ್ಟೇ ಅಲ್ಲ, ಅತಿ ಕ್ಷೀಣವಾದ ಮರುದನಿಯನ್ನೂ ಹೊರಡಿಸುತ್ತದೆ ಎಂದು 1978ರಲ್ಲಿ ಲಂಡನ್ನಿನ ವಿಜ್ಞಾನಿ ಡೇವಿಡ್ ಕೆಂಪ್ ತೋರಿಸಿಕೊಟ್ಟ ಮೇಲೆ ದಾರಿ ಬದಲಾಯಿತು. ಓಎಇ ಯಂತ್ರ ಹಿಡಿಯುವುದು ಆ ಮರುದನಿಯನ್ನೇ. ಹಾಲು ಕುಡಿದು ಮಲಗಿದ ಕೂಸಿನ ಕಿವಿಯಲ್ಲಿ ಮೆತ್ತನೆಯ ತುದಿಯಿಟ್ಟರೆ ಕೆಲವೇ ನಿಮಿಷಗಳಲ್ಲಿ ‘ಪಾಸ್’ ಅಥವಾ ‘ರೆಫರ್’ (ಮತ್ತೆ ಪರೀಕ್ಷಿಸಬೇಕು) ಎಂದು ಬರುತ್ತದೆ. ಒಳಗಿವಿಯಾಚೆ ನರದಲ್ಲಿರುವ ದೋಷ ಮಾತ್ರ ಇದಕ್ಕೆ ಕಾಣದು. ಅಂಥ ದೋಷದ ಸಾಧ್ಯತೆ ಹೆಚ್ಚಿರುವ, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ದಿನಗಟ್ಟಲೆ ಇದ್ದ ಮಕ್ಕಳಿಗೆ, ಸದ್ದಿಗೆ ಶ್ರವಣ ನರ ಸ್ಪಂದಿಸುವುದನ್ನು ಅಳೆಯುವ ಎಬಿಆರ್ ಪರೀಕ್ಷೆ ಬೇಕು.

ಆರು ತಿಂಗಳೊಳಗೆ ದೋಷ ಗೊತ್ತಾದ ಮಕ್ಕಳ ಭಾಷೆ ಉಳಿದವರಿಗಿಂತ ಚೆನ್ನಾಗಿ ಬೆಳೆಯುತ್ತದೆಂದು 1998ರಲ್ಲಿ ಕೊಲರಾಡೋದ ಅಧ್ಯಯನವೊಂದು ತಿಳಿಸಿತು. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ನಿರ್ಣಯ, ಆರರೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬ ಸೂತ್ರ ಆಮೇಲೆ ರೂಢಿಗೆ ಬಂತು. ಭಾರತದಲ್ಲಿ ಕಿವುಡುತನ ತಡೆ ಕಾರ್ಯಕ್ರಮ 2006-07ರಲ್ಲೂ, ಜನ್ಮಜಾತ ಕಿವುಡುತನವನ್ನೂ ಒಳಗೊಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲೂ ಆರಂಭವಾದವು. ಧಾರವಾಡದಲ್ಲಿಯೇ ವಾಕ್-ಶ್ರವಣ ತಜ್ಞರನ್ನು ತಯಾರು ಮಾಡುವ ಸಂಸ್ಥೆಯಿದೆ.

ನನ್ನ ದೃಷ್ಟಿಯಲ್ಲಿ ಕೊಂಡಿ ಕಳಚುವುದು ಯಂತ್ರದ ಬಳಿ ಅಲ್ಲ. ‘ರೆಫರ್’ ಎಂದರೆ ಕಿವುಡು ಎಂದಲ್ಲ. ಹುಟ್ಟಿದಾಗ ಕಿವಿಯಲ್ಲುಳಿದ ಜಿಡ್ಡಿನಿಂದಲೂ ಹಾಗೆ ಬರಬಹುದಾದ್ದರಿಂದ ಮರುಪರೀಕ್ಷೆ ಅಗತ್ಯ. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಹೆತ್ತ ಬಾಣಂತಿ ರಾಣೆಬೆನ್ನೂರಿನ ತವರಿನಲ್ಲಿರುತ್ತಾಳೆ. ಮೂರನೆಯದೋ ಐದನೆಯದೋ ತಿಂಗಳಿಗೆ, ನಿರ್ಣಯದ ಗಡುವು ಮೀರುವ ಹೊತ್ತಿಗೇ, ರೋಣದ ಗಂಡನ ಮನೆಗೆ ಹೊರಡುತ್ತಾಳೆ. ತವರೂರಿನ ಆಶಾ ಕಾರ್ಯಕರ್ತೆಯ ಪಟ್ಟಿಯಿಂದ ಕೂಸಿನ ಹೆಸರು ಹೋಗಿರುತ್ತದೆ, ಗಂಡನೂರಿನ ಪಟ್ಟಿಗೆ ಇನ್ನೂ ಸೇರಿರುವುದಿಲ್ಲ. ಮರುಪರೀಕ್ಷೆಯ ದಿನಾಂಕ ಬರೆದ ಚೀಟಿ ತಾಯಿ ಕಾರ್ಡಿನೊಳಗೆ ಮಡಚಿಕೊಂಡೇ ಇರುತ್ತದೆ.