ಗಂಡನ ಹೆಸರಲ್ಲಿ ಬಂದ ಕತೆಗಳು

1930ರ ದಶಕದಲ್ಲಿ ಕನ್ನಡ ಪತ್ರಿಕೆ ಓದುತ್ತಿದ್ದವರಿಗೆ ಆಗಾಗ ಒಂದು ಹೆಸರು ಕಣ್ಣಿಗೆ ಬೀಳುತ್ತಿತ್ತು: ಮಿಸೆಸ್ ಬಿ.ಟಿ.ಜಿ. ಕೃಷ್ಣ. ವಿಧವೆಯರ ಪಾಡು, ಮೋಸ ಹೋದ ಹುಡುಗಿಯರು, ಮನೆಯೊಳಗೆ ಪಿಸುಮಾತಲ್ಲಷ್ಟೇ ಆಡುವ ಸಂಗತಿಗಳು ಆ ಕತೆಗಳಲ್ಲಿದ್ದವು. ಬರೆಯುತ್ತಿದ್ದವರು ಕೊಡಗಿನ ಗೌರಮ್ಮ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಲೇಬೇಕು ಅಂತ ಉಪವಾಸ ಕೂತವರು. ಬಂದಾಗ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟವರು. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. ಇಂಥ ಗಟ್ಟಿಗಿತ್ತಿಯ ಕತೆಗೂ ಗಂಡನ ಹೆಸರಿನದೇ ರುಜು. 1939ರಲ್ಲಿ ನೀರಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ 27 ವರ್ಷ.

ಬರೆದರೆ ಮನಸ್ಸು ಹಗುರಾಗುತ್ತೆ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹೆಣ್ಣುಮಕ್ಕಳ ಪಾಲಿಗೆ ಅದಕ್ಕೊಂದು ಕರಾರಿತ್ತು. ಬೇಕಾದರೆ ಬರಿ, ಆದರೆ ನಾನೇ ಬರೆದೆ ಅನ್ನಬೇಡ.

ಈ ಕರಾರು ಹಳೆಯದು. 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಮಾರಯ್ಯ ಆಕೆಯ ಗಂಡ. ಆತ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ. 'ಈಸಕ್ಕಿಯಾಸೆ ನಿಮಗೇಕೆ?' ಅಂತ ಗದರಿ, ವಾಪಸ್ ಸುರಿದು ಬಾ ಅಂತ ಕಳಿಸಿದವಳು ಇದೇ ಲಕ್ಕಮ್ಮ. ಗಂಡನ ಹೆಸರು ಅಂಕಿತದಲ್ಲಿಟ್ಟುಕೊಂಡೇ ಗಂಡನಿಗೆ ಬುದ್ಧಿ ಹೇಳಿದಳು. ನನಗಂತೂ ಇದು ತುಂಬಾ ಇಷ್ಟ.

ಅಕ್ಷರ ಬಾರದವರಿಗೆ ಬೀಸುಕಲ್ಲಿತ್ತು. ಬೆಳಗಿನ ಜಾವ ಇಬ್ಬರು ಎದುರುಬದುರು ಕೂತು, ಒಂದೇ ಗೂಟ ಹಿಡಿದು ತಿರುಗಿಸುತ್ತಾ ಹಾಡುತ್ತಿದ್ದರು. 'ಹೆಣ್ಣಿನ ಜನುಮಾಕೆ ಅಣ್ಣತಮ್ಮರು ಬೇಕು' ಅನ್ನುವ ತವರಿನ ನೆನಪು, ಅತ್ತೆಮನೆಯ ಸಂಕಟ, ಎಲ್ಲಾ ಮೂರು ಸಾಲಲ್ಲಿ. ಅತ್ತೆಯ ಮೇಲಿನ ದೂರನ್ನು ಕಲ್ಲಿನ ಸದ್ದೇ ಮುಚ್ಚುತ್ತಿತ್ತೇನೋ. 'ಹಲಸಂಗಿ ಗೆಳೆಯರು' ಅನ್ನುವ ಬಳಗದವರು ಇಂಥ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಅಂತ ಅಚ್ಚು ಹಾಕಿಸಿದರು. ದೊಡ್ಡ ಕೆಲಸವೇ. ಆದರೆ ಕೂಡಿಸಿದವರ ಹೆಸರು ನಮಗೆ ಗೊತ್ತು, ಕಟ್ಟಿದವರ ಹೆಸರು ಗೊತ್ತಿಲ್ಲ.

ಹೆಸರು ಉಳಿದವರೂ ಇದ್ದಾರೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಹೆಂಡತಿ ಹೇಗಿರಬೇಕು ಅಂತ 'ಹದಿಬದೆಯ ಧರ್ಮ' ಬರೆದಳು. ಪುಸ್ತಕದ ತುಂಬಾ ಪತಿಸೇವೆಯ ಮಾತು. ನಡುವೆ ಒಮ್ಮೆಲೇ, 'ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು ಕಣ್ಣು ಕಾಣದ ಗಾವಿಲರು' ಅಂತ, ಅಂದರೆ ಹೆಣ್ಣು ಹೆಣ್ಣು ಅಂತ ಯಾಕೆ ಹೀಗಳೆಯುತ್ತಾರೆ ಈ ಕಣ್ಣು ಕಾಣದ ದಡ್ಡರು ಅಂತ, ಬೈದೂಬಿಟ್ಟಳು!

ನಂಜನಗೂಡು ತಿರುಮಲಾಂಬ ಇದೇ ದಾರಿಯನ್ನು ಅಚ್ಚಿನ ಲೋಕಕ್ಕೆ ತಂದರು. ಹುಟ್ಟಿದ್ದು 1887ರಲ್ಲಿ. ಆಡುವ ವಯಸ್ಸಲ್ಲಿ ಮದುವೆ, ಹದಿವಯಸ್ಸಲ್ಲೇ ವೈಧವ್ಯ. ಮುಂದಿನದು ಒಂದು ಕೋಣೆ ಮತ್ತು ಅಪ್ಪ ತಂದುಕೊಟ್ಟ ಪುಸ್ತಕಗಳು. 1913ರಲ್ಲಿ ಅವರು ಸ್ವಂತ ಗ್ರಂಥಮಾಲೆ ಶುರುಮಾಡಿದರು, ಆಮೇಲೆ ಪತ್ರಿಕೆಯನ್ನೂ ತಂದರು. ಮಾಲೆಗೆ ಇಟ್ಟ ಹೆಸರು 'ಸತೀಹಿತೈಷಿಣಿ'. 'ಸತಿ' ಅಂತ ಇದ್ದರೆ ಪುಸ್ತಕವನ್ನು ಮನೆಯೊಳಗೆ ಬಿಡುತ್ತಾರೆ ಅಲ್ವಾ? ಅದು ಬರೀ ಭಕ್ತಿಯಲ್ಲ, ಜಾಣತನವೂ ಹೌದು ಅಂತ ನನ್ನ ಅನಿಸಿಕೆ. ಅವರು 1982ರವರೆಗೂ ಬದುಕಿದ್ದರು. ಕೊನೆಯ ದಶಕಗಳಲ್ಲಿ ಕನ್ನಡದ ಓದುಗರು ಅವರನ್ನು ಮರೆತೇಬಿಟ್ಟಿದ್ದರು.

ಗಂಡಸರಿಗೂ ಕಾವ್ಯನಾಮ ಇತ್ತಲ್ಲ ಅಂತ ಕೇಳಬಹುದು. ಇತ್ತು. ಮಾಸ್ತಿಯವರು 'ಶ್ರೀನಿವಾಸ' ಆಗಿದ್ದರು. ಆದರೆ ಶ್ರೀನಿವಾಸ ಯಾರು ಅಂತ ಮನೆಯವರಿಗೆ ಗೊತ್ತಾದರೆ ಮಾಸ್ತಿಯವರಿಗೆ ಏನೂ ಕಷ್ಟ ಇರಲಿಲ್ಲ. ವೈದೇಹಿಯವರ ಕತೆ ಬೇರೆ. ಅವರು 'ಸುಧಾ' ವಾರಪತ್ರಿಕೆಗೆ ಒಂದು ಕತೆ ಕಳಿಸಿ, ಆಮೇಲೆ ನಿಜವಾಗಿ ನಡೆದ ಸಂಗತಿ ಅದರಲ್ಲಿದೆ, ಹಾಕಬೇಡಿ ಅಂತ ಕೇಳಿಕೊಂಡರು. ಸಂಪಾದಕರು ಬರೆದವರ ಹೆಸರು ಬದಲಿಸಿ ಹಾಕಿಬಿಟ್ಟರು. ಹೀಗೆ ಬಂದ 'ವೈದೇಹಿ' ಅನ್ನುವ ಹೆಸರಿಗೇ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇದಕ್ಕೂ ಎಷ್ಟೋ ಮೊದಲೇ ಹೆಂಗಸರು ಬರೆದದ್ದಕ್ಕೆಲ್ಲ 'ಅಡುಗೆಮನೆ ಸಾಹಿತ್ಯ' ಅನ್ನುವ ಹೀಯಾಳಿಕೆ ಹುಟ್ಟಿತ್ತು. ಅನಸೂಯಾ ಶಂಕರ್, ಅಂದರೆ ನಮ್ಮ ತ್ರಿವೇಣಿ, 1963ರಲ್ಲಿ ತೀರಿಕೊಳ್ಳುವ ಹೊತ್ತಿಗೆ 20ರಷ್ಟು ಕಾದಂಬರಿ ಬರೆದಿದ್ದರು. ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣು ವಾಸಿಯಾಗಿ ಮನೆಗೆ ಬಂದರೆ ಸುತ್ತಲಿನವರು ಹೇಗೆ ನೋಡುತ್ತಾರೆ? 'ಶರಪಂಜರ' ಕೇಳಿದ್ದು ಅದನ್ನೇ. ಇದೂ ಅಡುಗೆಮನೆಯದೇ ಅಂದರೆ, ಆ ಅಡುಗೆಮನೆಯೊಳಗೆ ಇನ್ನೂ ಏನೇನಿತ್ತೋ.

ಬರೆಯುವವರ ಮಾತಾಯಿತು. ಓದುವವರದು? ನಮ್ಮ ಬಡಾವಣೆಯಲ್ಲೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಪುಸ್ತಕಕ್ಕೆ ದಿನದ ಬಾಡಿಗೆ. ಅಮ್ಮ ಕಾದಂಬರಿಯನ್ನು ತರಕಾರಿ ಚೀಲದಲ್ಲಿ ಸೊಪ್ಪಿನ ಅಡಿ ಇಟ್ಟುಕೊಂಡು ತರುತ್ತಿದ್ದರು. ಎಲ್ಲರ ಊಟ ಮುಗಿದು, ಮುಸುರೆ ತೊಳೆದಾದ ಮೇಲೆ ಹಿತ್ತಿಲ ಬಾಗಿಲಲ್ಲಿ ಕೂತು ಓದು. ಹಾಳೆಗಳ ಮೇಲೆ ಯಾರ್ಯಾರದೋ ಅರಿಶಿನದ ಬೆರಳಚ್ಚು. ತ್ರಿವೇಣಿಯವರ ಒಂದು ಕಾದಂಬರಿಯ ಅಂಚಿನಲ್ಲಿ ಯಾರೋ ಪೆನ್ಸಿಲಲ್ಲಿ 'ಇದು ನಿಜ' ಅಂತ ಬರೆದಿದ್ದರು. ಅದರ ಕೆಳಗೆ ಇನ್ನೊಂದು ಕೈ, 'ನಮ್ಮ ಮನೆಯಲ್ಲೂ.' ಎರಡಕ್ಕೂ ಹೆಸರಿರಲಿಲ್ಲ. ಕೆಳಗಿನದು ಅಮ್ಮನ ಅಕ್ಷರ. ನಾನು ಏನೂ ಕೇಳದೆ ಪುಸ್ತಕ ವಾಪಸ್ ಕೊಟ್ಟು ಬಂದೆ.