ಕ್ಯಾಮೆರಾ ದೊಡ್ಡದಿದ್ದರೆ ಪ್ರೊಫೆಶನಲ್ಲಾ?

ಮದುವೆ ಫೋಟೋಗೆ ನಮ್ಮನ್ನು ಬುಕ್ ಮಾಡಲು ಬಂದವರ ಕಣ್ಣು ಮೊದಲು ಹೋಗೋದು ಕ್ಯಾಮೆರಾ ಕಡೆಗೆ. ಅದು ದೊಡ್ಡದಿದ್ದರೆ ಇವರು ಪ್ರೊಫೆಶನಲ್ ಅಂತ ಸಮಾಧಾನ. ಇಎಂಐ ಕಟ್ಟೋ ಧೈರ್ಯ ಇದ್ದವರೆಲ್ಲ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾ ತಗೋಬಹುದು, ಅಲ್ವಾ?

ಚೆನ್ನಾಗಿ ತೆಗೆಯುವವರೇ ಪ್ರೊಫೆಶನಲ್ ಅನ್ನೋದನ್ನೂ ನಾನು ಒಪ್ಪಲ್ಲ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಾ, ಕಥೆ ಬರೆಯುತ್ತಾ ಹಕ್ಕಿಗಳ ಫೋಟೋ ತೆಗೆದರು. ಆ ಫೋಟೋಗಳ ಮುಂದೆ ಸ್ಟುಡಿಯೋ ಇಟ್ಟುಕೊಂಡ ನಮ್ಮಲ್ಲಿ ಎಷ್ಟೋ ಜನರ ಕೆಲಸ ಸಪ್ಪೆ. ಆದರೆ ಹಕ್ಕಿ ಬರದಿದ್ದರೆ ಹವ್ಯಾಸಿ ನಾಳೆ ಮತ್ತೆ ಹೋಗಿ ಕೂರಬಹುದು. ಅಡ್ವಾನ್ಸ್ ತಗೊಂಡವರು ಹಾಗೆ ಬರಿಗೈಲಿ ವಾಪಸ್ ಬರುವಂತಿಲ್ಲ.

ಮುಹೂರ್ತದ ಹೊತ್ತನ್ನೇ ನೋಡಿ. ಅಂತರಪಟ ಸರಿಯುತ್ತದೆ, ಜೀರಿಗೆ ಬೆಲ್ಲ ಆಗುತ್ತದೆ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅನ್ನೋದು ವಾಲಗದವರಿಗೆ. ನಮಗೂ ಅದೇ ಸೂಚನೆ. ಅಷ್ಟರೊಳಗೆ ಎಕ್ಸ್‌ಪೋಶರ್, ಅಂದರೆ ಫೋಟೋಗೆ ಎಷ್ಟು ಬೆಳಕು ಬೇಕು ಅನ್ನೋದು, ಸೆಟ್ ಆಗಿರಬೇಕು. ಅಕ್ಷತೆ ಬೀಳುವಾಗ ಆಟೋಫೋಕಸ್ ಕಾಳಿನ ಹಿಂದೆ ಓಡಿಬಿಡುತ್ತದೆ, ಅದಕ್ಕೇ ಫೋಕಸ್ ಮೊದಲೇ ಲಾಕ್ ಮಾಡಿಟ್ಟಿರುತ್ತೇನೆ. ವಿಡಿಯೋದವರ ಲೈಟ್ ಒಂದು ಬಣ್ಣ, ಛತ್ರದ ಎಲ್‌ಇಡಿ ಇನ್ನೊಂದು ಬಣ್ಣ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲ್) ಇದ್ದರೆ ಆಮೇಲೆ ಒಂದಿಷ್ಟು ಸರಿಮಾಡಬಹುದು. ಮಧ್ಯೆ ಚಿಕ್ಕಪ್ಪನ ಮೊಬೈಲ್ ಅಡ್ಡ ಬಂದೇ ಬರುತ್ತದೆ! ಶಾಸ್ತ್ರದ ಕ್ರಮ ಮನೆಯಿಂದ ಮನೆಗೆ ಬೇರೆ, ಹಾಗಾಗಿ ಪುರೋಹಿತರ ಹತ್ತಿರ ಬೆಳಿಗ್ಗೆಯೇ ಕೇಳಿಕೊಂಡಿರಬೇಕು.

ಎರಡು ಮೆಮೊರಿ ಕಾರ್ಡ್ ಸ್ಲಾಟ್ ಇರುವ ಕ್ಯಾಮೆರಾ ತಗೊಳ್ಳೋದು ಶೋಕಿಗಲ್ಲ. ಹಾಗೆ ಸೆಟ್ ಮಾಡಿಟ್ಟರೆ ಪ್ರತಿ ಫೋಟೋ ಎರಡರಲ್ಲೂ ಸೇವ್ ಆಗುತ್ತದೆ. ಕಾರ್ಡ್ ಕೈಕೊಡೋದು ಅಪರೂಪ, ನಿಜ. ಕೊಟ್ಟರೆ ತಾಳಿ ಇನ್ನೊಮ್ಮೆ ಕಟ್ಟಿಸೋಕಾಗುತ್ತಾ? "ಇಷ್ಟ್ಯಾಕೆ ಜಾಸ್ತಿ?" ಅಂತ ನೀವು ಕೇಳುವ ರೇಟಿನಲ್ಲಿ ಈ ಕಾರ್ಡು, ಸ್ಪೇರ್ ಕ್ಯಾಮೆರಾ, ಮನೆಗೆ ಬಂದ ರಾತ್ರಿಯೇ ಮಾಡುವ ಬ್ಯಾಕಪ್ ಎಲ್ಲ ಸೇರಿದೆ.

ನಮ್ಮ ವೃತ್ತಿಯವರೇ ಜಾಸ್ತಿ ಮಾತಾಡದ ಒಂದು ವಿಷಯ ಇದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು. ಬೇರೆ ಥರ ಒಪ್ಪಂದ ಆಗಿದ್ದರೆ ಮಾತ್ರ ಅದು ಬದಲಾಗುತ್ತದೆ. ಆದರೂ ಎಷ್ಟೋ ಜನ ಮದುಮಗಳ ಫೋಟೋವನ್ನು ಕೇಳದೇ ಇನ್‌ಸ್ಟಾಗ್ರಾಮ್‌ಗೆ ಹಾಕಿ, "ನನ್ನ ಕೆಲಸ ತಾನೇ" ಅಂತಾರೆ. ಫೋಟೋಗ್ರಾಫರ್‌ಗಳೇ, ಫೋಟೋ ಹಾಕಲು ಒಪ್ಪಿಗೆ ಇದೆಯಾ ಅಂತ ಬುಕಿಂಗ್ ಕಾಗದದಲ್ಲೇ ಒಂದು ಸಾಲು ಬರೆದು ಸಹಿ ಹಾಕಿಸಿಕೊಳ್ಳಿ. ಬೇಡ ಅಂದವರ ಫೋಟೋ ಹಾಕಬೇಡಿ.